ಟಿ ಅಕ್ಷರ ಎಲ್‌ಜಿಬಿಟಿ ಸಾಲಿಗೆ ಬಂದದ್ದು ಹೇಗೆ?

ಗೇ, ಲೆಸ್ಬಿಯನ್ ಅನ್ನೋದು ಯಾರ ಮೇಲೆ ಮನಸ್ಸು ಅನ್ನುವ ವಿಷಯ, ಟ್ರಾನ್ಸ್ ಅನ್ನೋದು ತಾನು ಯಾರು ಅನ್ನುವ ವಿಷಯ. ಮತ್ತೆ ಯಾಕೆ ಎಲ್‌ಜಿಬಿಟಿ (ಲೆಸ್ಬಿಯನ್, ಗೇ, ಬೈಸೆಕ್ಷುವಲ್, ಟ್ರಾನ್ಸ್) ಅಂತ ಒಟ್ಟಿಗೆ ಸೇರಿಸುತ್ತಾರೆ ಅಂತ ಕೇಳಿದ್ದೀರಿ. ವ್ಯತ್ಯಾಸ ಇರೋದು ನಿಜ. ಆದರೆ ಆಗ ಪೊಲೀಸರು ಈ ವ್ಯತ್ಯಾಸ ನೋಡಿ ಹಿಡಿಯುತ್ತಿರಲಿಲ್ಲ, ಇಬ್ಬರನ್ನೂ ಹಿಡಿಯುತ್ತಿದ್ದರು, ಅಲ್ವಾ? ಅಮೆರಿಕದ ಎಷ್ಟೋ ನಗರಗಳಲ್ಲಿ ಗಂಡು ಅಂತ ದಾಖಲಾದವರು ಹೆಣ್ಣಿನ ಬಟ್ಟೆ ತೊಟ್ಟರೂ ಅಪರಾಧವಾಗಿತ್ತು. 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಾಂಪ್ಟನ್ಸ್ ಕೆಫೆಟೇರಿಯಾದಲ್ಲಿ ಪೊಲೀಸನೊಬ್ಬ ಹಿಡಿಯಲು ಬಂದಾಗ ಟ್ರಾನ್ಸ್ ಮಹಿಳೆಯೊಬ್ಬರು ಕೈಲಿದ್ದ ಕಾಫಿಯನ್ನು ಅವನ ಮುಖಕ್ಕೇ ಎರಚಿದರು. ಆಮೇಲೆ ತಟ್ಟೆ ಹಾರಿದವು, ಕಿಟಕಿ ಗಾಜು ಒಡೆಯಿತು, ಗಲಾಟೆ ಬೀದಿಗೆ ಬಂತು. ಎಲ್ಲರೂ ಹೇಳುವ ಸ್ಟೋನ್‌ವಾಲ್, ಅಂದರೆ ನ್ಯೂಯಾರ್ಕಿನ ಗೇ ಬಾರೊಂದರಲ್ಲಿ ಪೊಲೀಸರ ವಿರುದ್ಧ ಎದ್ದ ಗಲಭೆ, ಇದಾದ ಮೂರು ವರ್ಷಕ್ಕೆ.

ಹಾಗಂತ ಈ ಸಮುದಾಯದ ಒಳಗೆಲ್ಲ ಸರಿ ಇತ್ತು ಅಂತಲ್ಲ. 1973ರಲ್ಲಿ ನ್ಯೂಯಾರ್ಕಿನ ಪ್ರೈಡ್ ಸಭೆಯಲ್ಲಿ (ಎಲ್‌ಜಿಬಿಟಿ ಜನರ ಹಕ್ಕಿನ ಸಭೆ) ಟ್ರಾನ್ಸ್ ಹೋರಾಟಗಾರ್ತಿ ಸಿಲ್ವಿಯಾ ರಿವೇರಾ ವೇದಿಕೆ ಹತ್ತಿದಾಗ ಜೊತೆಗಾರರೇ ಕೂಗಿ ಹೀಯಾಳಿಸಿದರು. ಜೈಲಲ್ಲಿರುವ ನಮ್ಮವರನ್ನು ಮರೆತಿದ್ದೀರಿ ಅಂತ ಹೇಳಲು ಹೋಗಿದ್ದರು ಪಾಪ. 2007ರಲ್ಲಿ ಅಮೆರಿಕದ ಉದ್ಯೋಗ ತಾರತಮ್ಯ ತಡೆ ಮಸೂದೆಯಿಂದ ಟ್ರಾನ್ಸ್ ಜನರನ್ನು ಕೈಬಿಟ್ಟರು. ಅದು ಕಾನೂನೂ ಆಗಲಿಲ್ಲ ಬಿಡಿ.

ಇನ್ನೊಂದು ಮಾತು. ಟ್ರಾನ್ಸ್ ಜನರಲ್ಲೂ ಗೇ, ಲೆಸ್ಬಿಯನ್, ಬೈ, ಸ್ಟ್ರೇಟ್ ಎಲ್ಲರೂ ಇದ್ದಾರೆ. ಎರಡು ಗುಂಪು ಅಂತ ಗೆರೆ ಎಳೆದರೆ ಇವರಲ್ಲಿ ಎಷ್ಟೋ ಜನ ಎರಡೂ ಕಡೆ ನಿಂತಿರುತ್ತಾರೆ.