ಶ್ರೇಣಿಕ ಈಗ ಎಲ್ಲಿದ್ದಾನೆ?

(ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: “ನನ್ನ ಅಣ್ಣ ಹೋದ ಕಾರ್ತಿಕದಲ್ಲಿ ತೀರಿಕೊಂಡ. ಕುಡಿತಕ್ಕೆ ಬಿದ್ದು ತೋಟ ಕಳೆದಿದ್ದ. ಅಮ್ಮನ ಮೇಲೂ ಕೈ ಮಾಡಿದ್ದ. ಹನ್ನೊಂದನೆಯ ದಿನದ ತಿಥಿಗೆ ಬಂದ ಹಿರಿಯರೊಬ್ಬರು ಪಂಕ್ತಿಯಲ್ಲಿ ಕುಳಿತು, ‘ಹೆತ್ತವಳನ್ನು ಹೊಡೆದವನಿಗೆ ನರಕದಿಂದ ಎಂದೆಂದಿಗೂ ಬಿಡುಗಡೆಯಿಲ್ಲ’ ಎಂದರು. ಅಂದಿನಿಂದ ಅಮ್ಮನಿಗೆ ಅನ್ನ ಸೇರುತ್ತಿಲ್ಲ. ಅವರು ಹೇಳಿದ್ದು ನಿಜವೇ?”)

ಸಹೋದರಿ,

ನಿಮ್ಮ ಪತ್ರ ಓದಿದಾಗ ಮೊದಲು ಬಂದದ್ದು ಸಿಟ್ಟು. ಎಡೆ ಇಟ್ಟ ಮನೆಯಲ್ಲಿ, ಮಗನನ್ನು ಕಳೆದುಕೊಂಡವಳ ಕಿವಿಗೆ ಬೀಳುವಂತೆ ಆಡುವ ಮಾತೇ ಅದು? ನಿಮ್ಮ ಅಣ್ಣ ಮಾಡಿದ್ದು ತಪ್ಪು, ಅದನ್ನು ನಾನು ಮುಚ್ಚಿ ಹೇಳುವುದಿಲ್ಲ. ಆದರೆ ‘ಎಂದೆಂದಿಗೂ’ ಎಂಬ ಮಾತನ್ನು ಆ ಹಿರಿಯರು ಎಲ್ಲಿಂದ ತಂದರು?

ಭಾಗವತದ ಐದನೆಯ ಸ್ಕಂಧದಲ್ಲಿ 28 ನರಕಗಳ ಪಟ್ಟಿಯಿದೆ. ರೌರವ, ಕುಂಭೀಪಾಕ, ಅಸಿಪತ್ರವನ ಎಂದು ಓದುತ್ತಾ ಹೋದರೆ ಮೈ ನಡುಗುತ್ತದೆ. ಹೆದರಿಸುವವರು ಅಲ್ಲಿಗೇ ಪುಸ್ತಕ ಮಡಚುತ್ತಾರೆ. ಅದೇ ಅಧ್ಯಾಯದ ಕೊನೆಯಲ್ಲಿ, ಪಾಪ ಪುಣ್ಯಗಳ ಫಲವನ್ನು ಉಂಡ ಜೀವ ಉಳಿದ ಶೇಷದೊಡನೆ ಮತ್ತೆ ಈ ಭೂಮಿಗೇ ಹುಟ್ಟಿ ಬರುತ್ತದೆ ಎಂದಿದೆ. ಗರುಡ ಪುರಾಣವೂ ನರಕದ ಯಾತನೆ ಮುಗಿದ ಮೇಲೆ ಬರುವ ಜನ್ಮಗಳನ್ನು ಹೇಳುತ್ತದೆ. ಮರಳಿ ಬರುವ ದಾರಿಯೇ ಇಲ್ಲದ ಗತಿಯನ್ನು ನಮ್ಮಲ್ಲಿ ಸ್ಪಷ್ಟವಾಗಿ ಹೇಳಿದವರು ಮಧ್ವಾಚಾರ್ಯರು. ಅವರ ಮತದಲ್ಲಿ ತಮೋಯೋಗ್ಯ ಜೀವರಿಗೆ, ಎಂದರೆ ಸ್ವಭಾವದಿಂದಲೇ ಕತ್ತಲೆಗೆ ತಕ್ಕವರಿಗೆ, ಅಂಧತಮಸ್ಸೆಂಬ ಕಗ್ಗತ್ತಲೆಯ ಲೋಕವೇ ಕೊನೆ. ಇದನ್ನು ನಿಮ್ಮಿಂದ ಬಚ್ಚಿಡಲಾರೆ. ಆದರೆ ಯಾವ ಜೀವದ ಯೋಗ್ಯತೆ ಏನೆಂದು ಊಟದ ಎಲೆಯ ಮುಂದೆ ಕುಳಿತು ತೀರ್ಮಾನಿಸಲು ಬರುವುದಿಲ್ಲ.

ನಿಮ್ಮ ತಾಯಿಗೆ ಹೇಳಬೇಕಾದ ಕಥೆ ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ. ಜೈನ ಪುರಾಣಗಳಲ್ಲಿ ಪ್ರಶ್ನೆ ಕೇಳುವವನು ಮಗಧದ ರಾಜ ಶ್ರೇಣಿಕ, ಉತ್ತರ ಹೇಳುವವರು ಮಹಾವೀರರ ಪ್ರಧಾನ ಶಿಷ್ಯರಾದ ಗೌತಮ ಗಣಧರರು. ಈ ಶ್ರೇಣಿಕ ಮೊದಲು ಒಳ್ಳೆಯವನಾಗಿರಲಿಲ್ಲ. ಧ್ಯಾನಕ್ಕೆ ಕುಳಿತಿದ್ದ ಯಶೋಧರ ಮುನಿಯ ಕೊರಳಿಗೆ ಸತ್ತ ಹಾವನ್ನು ಹಾಕಿ ಬಂದ. ಆ ಗಳಿಗೆಯಲ್ಲಿ ಅವನಿಗೆ ಎಲ್ಲಕ್ಕಿಂತ ಕೆಳಗಿನ ಏಳನೆಯ ನರಕದ ಆಯುಷ್ಯ ಕಟ್ಟಿತು: 33 ಸಾಗರೋಪಮ, ಎಣಿಕೆಗೆ ನಿಲುಕದ ಕಾಲ. ವಿಷಯ ತಿಳಿದ ರಾಣಿ ಚೇಲಿನಿ ಗಂಡನನ್ನು ಕರೆದುಕೊಂಡು ಓಡಿದಳು. ಮುನಿ ಕುಳಿತಲ್ಲೇ ಇದ್ದರು, ಮೈಗೆಲ್ಲ ಇರುವೆ ಮುತ್ತಿತ್ತು. ಅವಳು ಹಾವನ್ನು ತೆಗೆದು ಉಪಚರಿಸಿದಳು. ಕಣ್ಣು ತೆರೆದ ಮುನಿ ಹಾವು ಹಾಕಿದವನನ್ನೂ ತೆಗೆದವಳನ್ನೂ ಒಂದೇ ಸಮನಾಗಿ ಹರಸಿದರು. ಶ್ರೇಣಿಕ ಕರಗಿಹೋದ. ಮುಂದೆ ಅವನಿಗೆ ಶ್ರದ್ಧೆ ಬಲಿಯಿತು. ಕಟ್ಟಿದ್ದ ನರಕ ಪೂರ್ತಿ ಬಿಚ್ಚಲಿಲ್ಲ, ಮೊದಲನೆಯ ನರಕದ 84,000 ವರ್ಷಕ್ಕೆ ಇಳಿಯಿತು. ಮಹಾವೀರರ ಕಾಲ ಕಳೆದು ಸುಮಾರು 2,500 ವರ್ಷ ಆಗಿದೆ. ನಂಬುವವರ ಲೆಕ್ಕದಲ್ಲಿ ಶ್ರೇಣಿಕ ಈಗಲೂ ನರಕದಲ್ಲಿಯೇ ಇದ್ದಾನೆ. ಅಲ್ಲಿಂದ ಹೊರಟವನು ಬರಲಿರುವ ಕಾಲಚಕ್ರದ ಮೊದಲನೆಯ ತೀರ್ಥಂಕರನಾಗುತ್ತಾನೆ! ಇಂದು ನರಕದಲ್ಲಿರುವವನನ್ನು ನಾಳಿನ ಜಿನನೆಂದು ನೆನೆಯುವ ಈ ಧೈರ್ಯಕ್ಕೆ ನಾನು ಪ್ರತಿ ಸಲವೂ ತಲೆಬಾಗುತ್ತೇನೆ.

ನಿತ್ಯನರಕದ ಮಾತನ್ನು ಬಲವಾಗಿ ಹೇಳಿದ ಕ್ರೈಸ್ತರಲ್ಲಿಯೂ ಇದು ಒಮ್ಮತದ ವಿಚಾರವಾಗಿರಲಿಲ್ಲ. ಮೂರನೆಯ ಶತಮಾನದ ಒರಿಜನ್ ಎಂಬ ಪಂಡಿತರು ಕೊನೆಗೆ ಎಲ್ಲ ಜೀವಗಳೂ ದೇವರ ಬಳಿ ಮರಳಬಹುದೆಂದು ಬರೆದರು. 553ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಧರ್ಮಸಭೆ ಅವರನ್ನು ಖಂಡಿಸಿತು. ಹಾಗಿದ್ದರೂ ಎಷ್ಟೋ ಸಂತರ ಹೆಸರನ್ನು ಸಾರಿರುವ ಕ್ಯಾಥೊಲಿಕ್ ಸಭೆ, ಇಂಥ ಮನುಷ್ಯ ನರಕದಲ್ಲಿದ್ದಾನೆ ಎಂದು ಯಾರೊಬ್ಬರ ಹೆಸರನ್ನೂ ಇಂದಿನವರೆಗೆ ಸಾರಿಲ್ಲ. ನಿಮ್ಮ ಮನೆಗೆ ಬಂದ ಹಿರಿಯರು ಅಷ್ಟು ಸಂಯಮವನ್ನಾದರೂ ಕಲಿಯಬೇಕಿತ್ತು.

ನಿಮ್ಮ ಅಣ್ಣ ಈಗ ಎಲ್ಲಿದ್ದಾನೆಂದು ನಾನು ಹೇಳಲಾರೆ. ಹೊಡೆತ ತಿಂದ ತಾಯಿಯೇ ಅವನಿಗಾಗಿ ಅನ್ನ ಬಿಟ್ಟಿದ್ದಾರೆ. ಅವನ ಲೆಕ್ಕ ನೋಡುವವರು ಯಾರೇ ಇರಲಿ, ಇದನ್ನು ನೋಡದೆ ಇರಲಾರರು ಎಂದು ನನ್ನ ನಂಬಿಕೆ. ಇಂದು ರಾತ್ರಿಯೇ ಅವರ ಪಕ್ಕದಲ್ಲಿ ಕುಳಿತು ಶ್ರೇಣಿಕನ ಕಥೆ ಹೇಳಿ. ಮಹಾಲಯ ಅಮಾವಾಸ್ಯೆಯ ದಿನ ಅಣ್ಣನ ಹೆಸರಿನಲ್ಲಿ ಒಂದು ಎಲೆ ಹಾಕಿ. ಎಡೆಗೆ ಏನೇನು ಬಡಿಸಬೇಕೆಂದು ಅಮ್ಮನೇ ಹೇಳಲಿ.

—ಸಂಪಾದಕ