ಫ್ಲ್ಯಾಟ್‌ನಲ್ಲಿ 6 ಅಡಿಯ ರೀಫ್ ಟ್ಯಾಂಕ್: ಮೀನಿಗಿಂತ ಮೊದಲು ನೆಲ, ನೀರು, ಪೈಪು, ಕರೆಂಟು

ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟು, ಹಾಲ್‌ನಲ್ಲಿ 6 ಅಡಿಯ ರೀಫ್ ಟ್ಯಾಂಕ್, ಅಂದರೆ ಹವಳ, ಮೀನು ಸಾಕುವ ಸಮುದ್ರ ನೀರಿನ ಟ್ಯಾಂಕ್ ಇಡುವ ಆಸೆ ಅಂತ ಬರೆದಿದ್ದೀರಿ. ನೆಲ ತಡೆಯುತ್ತದಾ, ಎಲ್ಲಿಂದ ಶುರು ಮಾಡಬೇಕು, ತಿಂಗಳಿಗೆ ಏನು ಖರ್ಚಾಗುತ್ತದೆ, ಹಬ್ಬಕ್ಕೆ ಊರಿಗೆ ಹೋದರೆ ಹೇಗೆ ಅಂತ ಕೇಳಿದ್ದೀರಿ. ನಾನೂ ಇದೇ ಊರಲ್ಲಿ ಹೆಚ್ಚುಕಮ್ಮಿ ಇದೇ ಅಳತೆಯ ಟ್ಯಾಂಕ್ ಸಾಕುತ್ತಿದ್ದೇನೆ. ಮೀನು, ಹವಳ ಯಾವುದು ಅನ್ನುವ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಟ್ಯಾಂಕಿಗೆ ನೀರು ಬೀಳುವ ಮೊದಲೇ ಅದರ ಹಣೆಬರಹ ಮುಕ್ಕಾಲು ಪಾಲು ತೀರ್ಮಾನ ಆಗಿರುತ್ತದೆ. 600 ಲೀಟರ್ ನೀರು ತುಂಬಿದ ಮೇಲೆ "ಇನ್ನೊಂದು ತೂತು ಬೇಕಿತ್ತು" ಅಂದರೆ ಮಾಡೋಕೆ ಏನೂ ಉಳಿದಿರುವುದಿಲ್ಲ.

ಮೊದಲು ತೂಕ. 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಅಂದರೆ 180 × 60 × 60 ಸೆಂಟಿಮೀಟರ್, 648 ಲೀಟರ್. 15 ಮಿಲಿಮೀಟರ್ ಗಾಜಿನಲ್ಲಿ ಕಟ್ಟಿಸಿದರೆ ಗಾಜೇ ಸುಮಾರು 150 ಕಿಲೋ. ಕಲ್ಲು, ಮರಳು, ಕಬ್ಬಿಣದ ಸ್ಟ್ಯಾಂಡು, ಕೆಳಗಿನ ಸಂಪ್ ಎಲ್ಲ ಸೇರಿದರೆ ಒಂದು ಟನ್ ಹತ್ತಿರ ಬರುತ್ತದೆ. ಇದೆಲ್ಲ ಕೂರುವುದು ಒಂದು ಚದರ ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಜಾಗದ ಮೇಲೆ. ಮನೆಯ ಕೋಣೆಗಳಿಗೆ ಐಎಸ್ 875 ಅನ್ನುವ ಭಾರತೀಯ ಮಾನದಂಡದ ಪ್ರಕಾರ ಲೆಕ್ಕ ಹಿಡಿಯುವ ಲೈವ್ ಲೋಡ್ (ಜನ, ಸಾಮಾನಿನ ಭಾರ) ಚದರ ಮೀಟರ್‌ಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ಹಾಗಂತ ಇಟ್ಟ ತಕ್ಷಣ ಸ್ಲ್ಯಾಬ್ ಕುಸಿಯುತ್ತದೆ ಅಂತಲ್ಲ. ಆ ಲೆಕ್ಕ ಇಡೀ ಕೋಣೆಗೆ ಹಾಕಿದ್ದು, ನಿಮ್ಮ ಕೋಣೆಯ ಮಿಕ್ಕ ಜಾಗ ಬಹುಪಾಲು ಖಾಲಿಯೇ ಇರುತ್ತದೆ. ಆದರೆ ಟ್ಯಾಂಕನ್ನು ಕೋಣೆಯ ನಡುವೆ ಇಡುವುದಕ್ಕೂ, ಕೆಳಗೆ ಬೀಮ್ ಇರುವ ಗೋಡೆಗೆ ಒತ್ತಿಸಿ, ಕಾಲಮ್ ಹತ್ತಿರ ಇಡುವುದಕ್ಕೂ ಭಾರೀ ವ್ಯತ್ಯಾಸ ಇದೆ. ಬಿಲ್ಡರ್ ಹತ್ತಿರ ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ ಪಡೆದು, ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಅವರಿಗೆ ಕೊಡುವ ಫೀಸು ಒಂದು ಒಳ್ಳೆ ಪಂಪಿನ ಬೆಲೆಗಿಂತ ಹೆಚ್ಚಾದರೂ ಪರವಾಗಿಲ್ಲ. ಕೆಳಗಿನ ಮನೆಯಲ್ಲೂ ಜನ ಇದ್ದಾರೆ ಅಲ್ವಾ.

ಎತ್ತರ 60 ಸೆಂಟಿಮೀಟರ್ ಸಾಕು. ಅದಕ್ಕಿಂತ ಎತ್ತರ ಮಾಡಿದರೆ ತಳಕ್ಕೆ ಕೈ ಎಟುಕುವುದಿಲ್ಲ, ಗಾಜು ದಪ್ಪ ಆಗಬೇಕು, ಬೆಳಕೂ ಜೋರು ಬೇಕು. ಜಾಗ ಇದ್ದರೆ ಅಗಲ ಜಾಸ್ತಿ ಮಾಡಿಸಿ, ಕಲ್ಲು ಜೋಡಿಸುವಾಗ ಅದರ ಬೆಲೆ ಗೊತ್ತಾಗುತ್ತದೆ. ಸ್ಟ್ಯಾಂಡಿಗೆ ಎಂಎಸ್ (ಮೆದು ಉಕ್ಕಿನ) ಸ್ಕ್ವೇರ್ ಟ್ಯೂಬ್ ವೆಲ್ಡ್ ಮಾಡಿಸಿ, ಎಪಾಕ್ಸಿ ಬಳಿಸಿ. ಉಪ್ಪು ನೀರಿನ ಹನಿ ಬಿದ್ದ ಜಾಗದಲ್ಲಿ ಮಾಮೂಲಿ ಪೇಂಟು ಬೇಗ ಎದ್ದುಬರುತ್ತದೆ.

ಇನ್ನು ಪೈಪು. ಇಲ್ಲಿ ನಾನು ಸ್ವಲ್ಪ ಉದ್ದ ಮಾತಾಡುತ್ತೇನೆ, ಯಾಕೆಂದರೆ ಮನೆಗೆ ನೀರು ನುಗ್ಗುವುದು ಇಲ್ಲಿಂದಲೇ.

ದೊಡ್ಡ ರೀಫ್ ಟ್ಯಾಂಕ್ ಅಂದರೆ ಎರಡು ಟ್ಯಾಂಕ್. ಮೇಲಿನದು ನೋಡುವುದಕ್ಕೆ. ಕೆಳಗೆ ಕ್ಯಾಬಿನೆಟ್ ಒಳಗೆ ಇನ್ನೊಂದು ಗಾಜಿನ ತೊಟ್ಟಿ, ಅದೇ ಸಂಪ್. ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್, ಹೀಟರ್, ರಿಟರ್ನ್ ಪಂಪ್ ಎಲ್ಲ ಅದರೊಳಗೆ. ಮೇಲಿನ ನೀರು ಓವರ್‌ಫ್ಲೋ ಬಾಕ್ಸ್‌ನ ಹಲ್ಲುಗಳ ಮೇಲೆ ತೆಳ್ಳಗೆ ಹರಿದು, ಪೈಪಿನಲ್ಲಿ ಇಳಿದು ಸಂಪ್ ಸೇರುತ್ತದೆ. ಪಂಪ್ ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಗಾಜಿಗೆ ತೂತು ಹಾಕುವ ಕೆಲಸ ಟ್ಯಾಂಕ್ ಅಂಟಿಸುವ ಮೊದಲೇ ಆಗಬೇಕು. ಟಫನ್ಡ್ ಗಾಜಿಗೆ ಆಮೇಲೆ ಡ್ರಿಲ್ ಇಟ್ಟರೆ ಇಡೀ ಹಲಗೆ ಪುಡಿಪುಡಿ.

ಇಳಿಯುವ ಪೈಪು ಒಂದಲ್ಲ, ಮೂರು ಹಾಕಿಸಿ. ಮೊದಲನೆಯದು ಗಾಳಿಯಿಲ್ಲದೆ ತುಂಬಿ ಹರಿಯುವ ಸೈಫನ್, ಅದಕ್ಕೆ ಗೇಟ್ ವಾಲ್ವ್. ಎರಡನೆಯದರಲ್ಲಿ ಸಣ್ಣ ಝರಿಯಷ್ಟು ನೀರು. ಮೂರನೆಯದು ಒಣಗಿಯೇ ಇರುತ್ತದೆ, ಮೊದಲ ಎರಡರಲ್ಲಿ ಶಂಖದಹುಳ ಸಿಕ್ಕಿಕೊಂಡ ದಿನ ಅದು ಕೆಲಸಕ್ಕೆ ಬರುತ್ತದೆ. ಗೇಟ್ ವಾಲ್ವನ್ನು ಕಾಲು ಸುತ್ತು, ಮತ್ತೆ ಅದರಲ್ಲಿ ಅರ್ಧ ತಿರುಗಿಸುತ್ತಾ ಕಾಯಬೇಕು. ಗೊಳಗೊಳ ಅನ್ನುತ್ತಿದ್ದ ಪೈಪು ಒಮ್ಮೆ ಗಾಳಿ ಉಗುಳಿ, ಇದ್ದಕ್ಕಿದ್ದ ಹಾಗೆ ಸುಮ್ಮನಾಗುತ್ತದೆ. ಆಗ ಹಾಲ್‌ನಲ್ಲಿ ಕೂತವರಿಗೆ ಫ್ಯಾನ್ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಬಾಲ್ ವಾಲ್ವ್‌ನಲ್ಲಿ ಇಷ್ಟು ನಾಜೂಕಾಗಿ ಹೊಂದಿಸೋಕೆ ಆಗುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಟ್ ವಾಲ್ವ್ ಕೇಳಿದರೆ ಹಿತ್ತಾಳೆಯದೇ ಕೈಗೆ ಕೊಡುತ್ತಾರೆ, ಅದು ಖಂಡಿತ ಬೇಡ. ಹಿತ್ತಾಳೆಯಲ್ಲಿ ತಾಮ್ರ ಇದೆ, ತಾಮ್ರ ಸಿಗಡಿಗೆ, ಶಂಖದಹುಳಕ್ಕೆ, ಹವಳಕ್ಕೆ ವಿಷ. ಪಿವಿಸಿಯದ್ದನ್ನೇ ಹುಡುಕಿ ತರಿಸಿ.

ಈಗ ಕರೆಂಟ್ ಹೋಯಿತು ಅಂದುಕೊಳ್ಳಿ. ಪಂಪ್ ನಿಂತರೂ ಮೇಲಿನ ನೀರು ಹಲ್ಲಿನ ಮಟ್ಟ ಮುಟ್ಟುವವರೆಗೆ ಇಳಿಯುತ್ತಲೇ ಇರುತ್ತದೆ. ಈ ಅಳತೆಯ ಟ್ಯಾಂಕಿನಲ್ಲಿ ಎರಡೂವರೆ ಸೆಂಟಿಮೀಟರ್ ನೀರು ಇಳಿದರೆ 27 ಲೀಟರ್. ರಿಟರ್ನ್ ಪೈಪಿನ ಬಾಯಿ ಆಳದಲ್ಲಿದ್ದರೆ ಅದೂ ಸೈಫನ್ ಆಗಿ ಇನ್ನೂ ಎಳೆಯುತ್ತದೆ. ಅಷ್ಟಕ್ಕೂ ಸಂಪ್‌ನಲ್ಲಿ ಖಾಲಿ ಜಾಗ ಇರಲೇಬೇಕು. ಉಪ್ಪು ಹಾಕುವ ಮೊದಲು, ಬರೀ ನೀರಿನಲ್ಲಿ ಪಂಪ್ ಆಫ್ ಮಾಡಿ ನೋಡಿ. ನೀರು ನಿಂತ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಓಡುವಾಗಿನ ಮಟ್ಟಕ್ಕೂ ಒಂದು ಗೆರೆ. ಆಮೇಲೆ ಯಾವತ್ತೂ ಆ ಎರಡನೇ ಗೆರೆ ಮೀರಿ ನೀರು ಹಾಕಬೇಡಿ.

ಎಲ್ಲ ಪ್ಲಗ್ಗೂ 30 ಮಿಲಿಆ್ಯಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಮೂಲಕವೇ ಬರಲಿ, ಅರ್ಥಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷೆ ಮಾಡಿಸಿ. ವೈರ್ ಪ್ಲಗ್‌ಗಿಂತ ಕೆಳಗೆ ಜೋತು ಬಿದ್ದು ಮೇಲೆ ಏರುವ ಹಾಗಿರಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಇನ್ವರ್ಟರ್‌ಗೆ ವೇವ್‌ಮೇಕರ್ (ಟ್ಯಾಂಕಿನೊಳಗೆ ನೀರು ಅಲುಗಾಡಿಸುವ ಪಂಪು) ಮತ್ತು ರಿಟರ್ನ್ ಪಂಪ್ ಮಾತ್ರ ಕೊಡಿ. ಬೆಳಕಿಲ್ಲದೆ ಒಂದು ದಿನ ಕಳೆದರೆ ಯಾರಿಗೂ ಏನೂ ಆಗುವುದಿಲ್ಲ. ನೀರು ಅಲುಗಾಡದಿದ್ದರೆ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ.

ನೀರಿನ ವಿಷಯ. ಮಂಗಳೂರಿಂದಲೋ ಮಲ್ಪೆಯಿಂದಲೋ ಸಮುದ್ರದ ನೀರು ತರಿಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ದಡದ ನೀರು ಬೇಡ. ಅದರಲ್ಲಿ ಚರಂಡಿ, ಡೀಸೆಲ್ ಎಲ್ಲ ಸೇರಿರುತ್ತದೆ. ಮಳೆಗಾಲದಲ್ಲಿ ನೇತ್ರಾವತಿಯಂಥ ನದಿಗಳ ಸಿಹಿನೀರು ಬೆರೆತು ಉಪ್ಪಿನಂಶವೂ ಇಳಿದಿರುತ್ತದೆ. ಆರ್‌ಒಡಿಐ ನೀರಿಗೆ (ಆರ್‌ಒ ಆದ ಮೇಲೆ ಡಿಐ ರೆಸಿನ್‌ನಲ್ಲಿ ಮತ್ತೆ ಶುದ್ಧ ಮಾಡಿದ ನೀರು) ಅಕ್ವೇರಿಯಂ ಉಪ್ಪು ಕಲಸಿಕೊಳ್ಳುವುದೇ ಸರಿ. ಅಡುಗೆಮನೆಯ ಆರ್‌ಒ ಸಾಲದು, ಅದರಲ್ಲಿ ರುಚಿಗೆ ಅಂತ ಮತ್ತೆ ಖನಿಜ ಬೆರೆಸುತ್ತಾರೆ. ನಮಗೆ ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಪ್ರಮಾಣ) ಸೊನ್ನೆ ಬರಬೇಕು. ನಿಮ್ಮ ಅಪಾರ್ಟ್‌ಮೆಂಟಿಗೆ ಬರುವುದು ಬೋರ್‌ವೆಲ್ಲೋ, ಕಾವೇರಿಯೋ, ಟ್ಯಾಂಕರೋ, ಎಲ್ಲದರ ಟಿಡಿಎಸ್ ಅಳೆದು ಬರೆದಿಟ್ಟುಕೊಳ್ಳಿ. ಬೋರ್ ನೀರಾದರೆ ಡಿಐ ರೆಸಿನ್ ಬೇಗ ಮುಗಿಯುತ್ತದೆ. ಒಂದು ಲೀಟರ್ ಒಳ್ಳೆ ನೀರಿಗೆ ಸಾಮಾನ್ಯವಾಗಿ ಮೂರು ಲೀಟರ್ ಹೊರಗೆ ಹೋಗುತ್ತದೆ. ಅದನ್ನು ಚರಂಡಿಗೆ ಬಿಡಬೇಡಿ, ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸೋಕೆ, ಟಾಯ್ಲೆಟ್‌ಗೆ ಬಳಸಿ. ಈ ಊರಲ್ಲಿ ಬೇಸಿಗೆ ಬಂದರೆ ಒಂದು ಬಕೆಟ್ ನೀರಿನ ಬೆಲೆ ಏನು ಅಂತ ನಮಗೆಲ್ಲ ಗೊತ್ತಿದೆ.

ಉಪ್ಪು ಕಲಸುವಾಗ ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ. ಹಾಗೆ ಮಾಡಿದರೆ ಕ್ಯಾಲ್ಸಿಯಂ ಬಿಳಿ ಗಸಿಯಾಗಿ ತಳ ಹಿಡಿಯುತ್ತದೆ. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಅಂದರೆ ಸಾಪೇಕ್ಷ ಸಾಂದ್ರತೆ 1.026. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು 35 ಪಿಪಿಟಿ ದ್ರಾವಣದಿಂದ ಸರಿಮಾಡಿಕೊಳ್ಳಿ. ಆವಿಯಾದ ನೀರಿಗೆ ಬದಲು ಯಾವಾಗಲೂ ಸಿಹಿನೀರೇ ಹಾಕಬೇಕು, ಉಪ್ಪು ಆವಿಯಾಗುವುದಿಲ್ಲವಲ್ಲ. ಇದಕ್ಕೆ ನೀರು ಕಮ್ಮಿಯಾದಂತೆ ತಾನೇ ತುಂಬುವ ಆಟೋ ಟಾಪ್‌ಆಫ್ ಹಾಕಿಸಿಬಿಡಿ.

ಉಷ್ಣಾಂಶ 25–26 ಡಿಗ್ರಿ ಇರಲಿ. ಏಪ್ರಿಲ್‌ನಲ್ಲಿ ಬೆಂಗಳೂರು 35 ಮುಟ್ಟಿದಾಗ ನೀರಿನ ಮೇಲೆ ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಯಾಕೆಂದರೆ ನಮ್ಮ ಗಾಳಿ ಒಣ. ಕರಾವಳಿಯಲ್ಲಿ ಗಾಳಿಯೇ ಒದ್ದೆ, ಅಲ್ಲಿ ಫ್ಯಾನ್ ನಂಬಿಕೊಂಡರೆ ಆಗದು, ನೀರು ತಣ್ಣಗೆ ಮಾಡುವ ಚಿಲ್ಲರ್ ಬೇಕೇ ಬೇಕು. ನೀವು ಚಿಲ್ಲರ್‌ಗೆ ಪೈಪಿನಲ್ಲಿ ಒಂದು ಜಾಗ ಬಿಟ್ಟಿರಿ, ಮೊದಲ ಬೇಸಿಗೆ ನೋಡಿ ಕೊಳ್ಳಬಹುದು.

ಈಗ ಹವಳ. ಹೊರದೇಶದವರ ವಿಡಿಯೋ ನೋಡಿ ಅಕ್ರೋಪೋರಾ, ಟಾರ್ಚ್, ಹ್ಯಾಮರ್ ಅಂತೆಲ್ಲ ಪಟ್ಟಿ ಕಳಿಸಿದ್ದೀರಿ. ಅವೆಲ್ಲ ಗಟ್ಟಿ ಹವಳ. ನಮ್ಮಲ್ಲಿ ಗಟ್ಟಿ ಹವಳದ ಎಲ್ಲ ಜಾತಿಗಳೂ, ಸೀ ಫ್ಯಾನ್‌ಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಳಗೆ ಬರುತ್ತವೆ. ಅಂಗಡಿಯವನು "ಎಲ್ಲರೂ ಇಡ್ತಾರೆ ಸಾರ್" ಅಂದರೂ ಬೇಡ ಅನ್ನಿ. ಕಾನೂನಿನ ಭಯಕ್ಕಿಂತ ದೊಡ್ಡ ಕಾರಣ, ಸಮುದ್ರದ ಬಿಸಿಗೆ ಬಂಡೆಗಟ್ಟಲೆ ಹವಳ ಬಿಳಚಿಕೊಳ್ಳುತ್ತಿರುವ ಕಾಲದಲ್ಲಿ ಅಲ್ಲಿಂದ ಕಿತ್ತು ತಂದಿದ್ದು ನಮ್ಮ ಹಾಲ್‌ಗೆ ಬರಬಾರದು. ಜೀವಂತ ಕಲ್ಲೂ (ಸಮುದ್ರದ ಜೀವಿಗಳು ನೆಲೆಸಿದ ಕಲ್ಲು) ಅಷ್ಟೇ, ಒಣಗಿದ ಕಲ್ಲು ಅಥವಾ ಕೈಯಲ್ಲಿ ಮಾಡಿದ ಕಲ್ಲು ಕೊಳ್ಳಿ. ಗಟ್ಟಿ ಹವಳ ನೋಡಲೇಬೇಕು ಅನ್ನಿಸಿದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಡೈವ್ ಮಾಡಿ.

ಮೆತ್ತನೆ ಹವಳದಲ್ಲಿ ಬೇಕಾದಷ್ಟಿದೆ. ಮಶ್ರೂಮ್, ಲೆದರ್, ಜೀನಿಯಾ, ಜೋವಾಂತಿಡ್. ಬೇರೆ ಹವ್ಯಾಸಿಗಳು ತಮ್ಮ ಟ್ಯಾಂಕಿನಲ್ಲೇ ಬೆಳೆಸಿ ಕತ್ತರಿಸಿದ ತುಂಡುಗಳನ್ನೇ ತೆಗೆದುಕೊಳ್ಳಿ. ಇವು ಗಟ್ಟಿ ಹವಳದ ಹಾಗೆ ಕ್ಯಾಲ್ಸಿಯಂ ಎಳೆಯುವುದಿಲ್ಲ. ಆದ್ದರಿಂದ ಕ್ಯಾಲ್ಸಿಯಂ ರಿಯಾಕ್ಟರ್, ಡೋಸಿಂಗ್ ಪಂಪ್ ಯಾವುದೂ ಬೇಕಾಗಿಲ್ಲ, ವಾರಕ್ಕೆ ಶೇ. 10 ನೀರು ಬದಲಿಸಿದರೆ ಸಾಕು. ಅಲ್ಲೇ ನಿಮ್ಮ ದೊಡ್ಡ ಖರ್ಚೊಂದು ಉಳಿಯಿತು. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಜೋವಾಂತಿಡ್‌ಗಳಲ್ಲಿ, ಅವುಗಳ ಹತ್ತಿರದ ಸಂಬಂಧಿಗಳಾದ ಪಾಲಿಥೋವಾಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ಕಡು ವಿಷ ಇರಬಹುದು. ಗ್ಲೌಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಅವು ಬೆಳೆದ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬೇಡಿ, ಬಿಸಿನೀರು ಸುರಿದು ಉಜ್ಜಬೇಡಿ. ಆ ಹಬೆ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ಆಗಿವೆ.

ಉಪ್ಪು ನೀರು ತುಂಬಿದ ಮೇಲೆ ನಾಲ್ಕರಿಂದ ಆರು ವಾರ ಟ್ಯಾಂಕ್ ಖಾಲಿ ಓಡಬೇಕು. ಸ್ವಲ್ಪ ಅಮೋನಿಯಾ ಹಾಕಿ, ಬ್ಯಾಕ್ಟೀರಿಯಾ ಬೆಳೆದು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದನ್ನು ಟೆಸ್ಟ್ ಕಿಟ್‌ನಲ್ಲಿ ನೋಡುತ್ತಾ ಇರಿ. ಹಾಕಿದ ಅಮೋನಿಯಾ ಒಂದು ದಿನದಲ್ಲಿ ಸೊನ್ನೆಗೆ ಬಂದು, ನೈಟ್ರೈಟೂ ಸೊನ್ನೆ ಆದರೆ ಸಿದ್ಧ. ಆಮೇಲೆ ಮರಳ ಮೇಲೆ ಕಂದು ಪದರ, ಕಲ್ಲಿನ ಮೇಲೆ ಹಸಿರು ಕೂದಲು ಬರುತ್ತದೆ. ನೋಡೋಕೆ ಚೆನ್ನಾಗಿರುವುದಿಲ್ಲ, ಆದರೆ ಔಷಧಿ ಸುರಿಯಬೇಡಿ. ತಿಂಗಳುಗಳು ಕಳೆದ ಮೇಲೆ ಪಂಪಿನ ಮೈಮೇಲೆ ಸಾಸಿವೆ ಕಾಳಿಗಿಂತ ಸಣ್ಣ ನೇರಳೆ ಚುಕ್ಕೆ ಕಾಣುತ್ತವೆ, ಅದು ಕೊರಲೈನ್ ಪಾಚಿ. ರಾತ್ರಿ ಟಾರ್ಚ್ ಬಿಟ್ಟರೆ ಗಾಜಿನ ಮೇಲೆ ಬಿಳಿ ಧೂಳಿನಂಥ ಕೋಪೆಪಾಡ್ ಅನ್ನುವ ಪುಟ್ಟ ಜೀವಿಗಳು ಚುಟುಕು ಚುಟುಕಾಗಿ ಜಿಗಿಯುತ್ತವೆ. ಆ ಕಾಲ ನನಗಂತೂ ತುಂಬಾ ಇಷ್ಟ. ಮೀನೇ ಇಲ್ಲದ ಟ್ಯಾಂಕಿನ ಮುಂದೆ ಗಂಟೆಗಟ್ಟಲೆ ಕೂತಿದ್ದೇನೆ.

ಮೀನಿನಲ್ಲಿ ಮೊದಲು ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನಿನ ಜೋಡಿ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇವನ್ನು ಮರಿ ಮಾಡಿಸುವ ವಿಧಾನ ನಮ್ಮ ದೇಶದಲ್ಲೇ ಕಂಡುಕೊಂಡಿದೆ, ಹಾಗಾಗಿ ಸಮುದ್ರದಿಂದ ಹಿಡಿದದ್ದು ಕೊಳ್ಳಬೇಕಾಗಿಲ್ಲ. ಟ್ಯಾಂಗ್ ಜಾತಿಯ ಮೀನು ಕೊನೆಗೆ ಬರಲಿ. ಪ್ರತಿ ಮೀನೂ ಮೊದಲು ಬೇರೆ ಸಣ್ಣ ಟ್ಯಾಂಕಿನಲ್ಲಿ ನಾಲ್ಕೈದು ವಾರ ಇರಬೇಕು. ಬಿಳಿ ಚುಕ್ಕೆ ರೋಗ ದೊಡ್ಡ ಟ್ಯಾಂಕ್ ಹೊಕ್ಕರೆ ತಾಮ್ರದ ಔಷಧಿ ಅಲ್ಲಿ ಹಾಕೋಕಾಗದು. ಎಲ್ಲ ಮೀನನ್ನೂ ಹೊರಗೆ ತೆಗೆದು, ಎರಡೂವರೆ ತಿಂಗಳು ಟ್ಯಾಂಕನ್ನು ಮೀನಿಲ್ಲದೆ ಓಡಿಸಬೇಕಾಗುತ್ತದೆ.

ತಿಂಗಳ ಲೆಕ್ಕ: ರಿಟರ್ನ್ ಪಂಪ್, ಸ್ಕಿಮ್ಮರ್, ಎರಡು ವೇವ್‌ಮೇಕರ್ ಸೇರಿ 120 ವಾಟ್ ಇಡೀ ದಿನ, ಬೆಳಕು 200 ವಾಟ್ ಒಂಬತ್ತು ಗಂಟೆ. ಅಲ್ಲಿಗೆ ದಿನಕ್ಕೆ ಐದು ಯೂನಿಟ್ ಹತ್ತಿರ, ತಿಂಗಳಿಗೆ 150. ಚಿಲ್ಲರ್ ಬಂದರೆ ಇನ್ನೂ ಜಾಸ್ತಿ. ಉಪ್ಪು ತಿಂಗಳಿಗೆ ಸುಮಾರು 10 ಕಿಲೋ.

ಊರಿಗೆ ಹೋಗುವ ವಿಷಯ. ಹೊರಡುವ ವಾರದಲ್ಲಿ ಹೊಸದೇನೂ ಸೇರಿಸಬೇಡಿ, ಹೊಸ ಸಾಮಾನು ಜೋಡಿಸಬೇಡಿ. ಟಾಪ್‌ಆಫ್ ಡಬ್ಬ 40 ಲೀಟರ್ ಮೀರದಿರಲಿ. ಪಂಪ್ ಕೆಟ್ಟು ಅಷ್ಟೂ ಒಮ್ಮೆಲೇ ಸುರಿದರೂ ಉಪ್ಪಿನಂಶ 35ರಿಂದ 33ಕ್ಕೆ ಇಳಿಯುತ್ತದೆ, ಜೀವಗಳು ತಡೆಯುತ್ತವೆ. ಆ 40 ಲೀಟರಿಗೂ ಸಂಪ್‌ನಲ್ಲಿ ಜಾಗ ಇದೆಯಾ ನೋಡಿಕೊಳ್ಳಿ. ಮೂರು ನಾಲ್ಕು ದಿನ ಆದರೆ ಆರೋಗ್ಯವಾದ ಮೀನಿಗೆ ಊಟ ಇಲ್ಲದಿದ್ದರೂ ನಡೆಯುತ್ತದೆ. ವಾರ ಆದರೆ ಪಕ್ಕದ ಮನೆಯವರಿಗೆ ದಿನದ ಊಟವನ್ನು ಸಣ್ಣ ಪೊಟ್ಟಣಗಳಲ್ಲಿ ಕಟ್ಟಿ, ಮೇಲೆ ವಾರದ ಹೆಸರು ಬರೆದು ಕೊಡಿ, ಡಬ್ಬ ಮಾತ್ರ ಕೊಡಬೇಡಿ. ಪಾಪ ಮೀನು ಹಸಿದಿದೆ ಅಂತ ಜಾಸ್ತಿ ಹಾಕಿಬಿಡುತ್ತಾರೆ. ಆರ್‌ಸಿಸಿಬಿ ಎಲ್ಲಿದೆ, ಬಿದ್ದರೆ ಎತ್ತುವುದು ಹೇಗೆ ಅಂತಲೂ ಅವರಿಗೆ ಒಮ್ಮೆ ಕೈಯಾರೆ ಮಾಡಿಸಿ ತೋರಿಸಿ. ಟ್ಯಾಂಕ್ ಮಾಡಿಸುವ ಮೊದಲು ನಿಮ್ಮ ಸ್ಲ್ಯಾಬ್ ಡ್ರಾಯಿಂಗ್ ಸಿಕ್ಕರೆ ಬೀಮ್ ಎಲ್ಲಿ ಹಾದುಹೋಗಿದೆ ಅಂತ ಇಲ್ಲೇ ಬರೆಯಿರಿ, ಟ್ಯಾಂಕ್ ಯಾವ ಗೋಡೆಗೆ ಅಂತ ಮಾತಾಡೋಣ. ಕೊನೇ ಮಾತು ಮಾತ್ರ ನಿಮ್ಮ ಎಂಜಿನಿಯರ್‌ದೇ ಇರಲಿ.