ನಾಲಾ ಪಕ್ಕದ ಫೈಬರ್ ಸೆನ್ಸರ್: ಮಧ್ಯಾಹ್ನ ಇಳಿದು ರಾತ್ರಿ ಏರುವ ರೀಡಿಂಗ್

ಈ ಏರಿಳಿತ ಬಹುತೇಕ ಗ್ಯಾಸಿನದ್ದಲ್ಲ, ಎಲ್‌ಇಡಿ ಬಿಸಿಯಾಗುತ್ತಿರುವುದರಿಂದ. ಹುಬ್ಬಳ್ಳಿಯ ಉಣಕಲ್ ನಾಲಾ ಪಕ್ಕ ಗ್ಯಾಸ್ ಅಳೆಯಲು ಇಟ್ಟ ಬೆಳ್ಳಿ ಲೇಪದ ಪ್ಲಾಸ್ಟಿಕ್ ಫೈಬರಿನ (ಎಲ್‌ಇಡಿಯ ಬೆಳಕು ಸಾಗಿಸುವ ಎಳೆಯ) ರೀಡಿಂಗ್ ಮಧ್ಯಾಹ್ನ ಇಳಿದು ರಾತ್ರಿ ಮೊದಲಿನಷ್ಟೇ ಆಗುತ್ತದೆ ಅಂದಿರಿ. ಚರಂಡಿಯ ಗ್ಯಾಸಾದ ಹೈಡ್ರೋಜನ್ ಸಲ್ಫೈಡ್ ತಾಗಿದರೆ ಬೆಳ್ಳಿ ಕಪ್ಪಾಗಿ, ಫೈಬರಿನಿಂದ ಬರುವ ಬೆಳಕು ಬದಲಾಗುತ್ತದೆ. ಆದರೆ ಹಾಗೆ ಕಪ್ಪಾದ ಬೆಳ್ಳಿ ರಾತ್ರಿಯ ತಂಪಿಗೆ ಮತ್ತೆ ಬೆಳ್ಳಗಾಗುವುದಿಲ್ಲ. ಕೆಂಪು ಎಲ್‌ಇಡಿ ಮಾತ್ರ ಕಾದಷ್ಟೂ ಮಂಕಾಗುತ್ತದೆ, ತಣಿದರೆ ಸರಿಹೋಗುತ್ತದೆ.

ಮೊದಲು ಖಾತ್ರಿ ಮಾಡಿಕೊಳ್ಳಿ: ಮನೆಯೊಳಗೆ ಎಲ್‌ಇಡಿಗೆ ಹೇರ್ ಡ್ರೈಯರ್ ಹಿಡಿಯಿರಿ, ರೀಡಿಂಗ್ ಜಾರಿದರೆ ಅದೇ ಕಾರಣ. ಆಮೇಲೆ ಅದೇ ಎಲ್‌ಇಡಿಯಿಂದ ಎರಡನೇ ಫೈಬರ್ ಎಳೆಯಿರಿ. ಲೇಪ, ಉದ್ದ, ಬಾಗು ಎಲ್ಲ ಮೊದಲಿನದರಂತೆ, ಆದರೆ ಗಾಜಿನ ನಳಿಗೆಯೊಳಗೆ ಮುಚ್ಚಿದ್ದು. ಮುಚ್ಚಲು ಹುಳಿ ವಾಸನೆಯ ಸಿಲಿಕೋನ್ ಬೇಡ, ಅದು ಅಸಿಟಿಕ್ ಆಮ್ಲ ಬಿಡುತ್ತದೆ. ನ್ಯೂಟ್ರಲ್ ಬಗೆಯದು ತನ್ನಿ. ಎರಡಕ್ಕೂ ಒಂದೇ ನಮೂನೆಯ ಫೋಟೊಡಯೋಡ್ (ಬೆಳಕು ಅಳೆಯುವ ಬಿಡಿಭಾಗ) ಅಕ್ಕಪಕ್ಕ ಕೂರಿಸಿ.

ಪ್ರತಿ ಸಲ ಎಲ್‌ಇಡಿ ಹಚ್ಚಿ ಒಂದು, ಆರಿಸಿ ಒಂದು ರೀಡಿಂಗ್ ತೆಗೆದು ಕಳೆಯಿರಿ. ಒಳನುಸುಳಿದ ಬಿಸಿಲು ಹೋಗುತ್ತದೆ. ಬಳಿಕ ತೆರೆದ ಫೈಬರಿನ ಅಂಕಿಯನ್ನು ಮುಚ್ಚಿದ್ದರ ಅಂಕಿಯಿಂದ ಭಾಗಿಸಿ, ಆ ಅನುಪಾತವನ್ನಷ್ಟೇ ಬರೆದಿಡಿ. 1 ಮಿ.ಮೀ. ಫೈಬರನ್ನು 25 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸಬೇಡಿ. ಲೇಪಕ್ಕೆ ಬೆರಳು ತಾಗಿಸಿದರಂತೂ ಆ ತುಂಡು ಕೆಟ್ಟಿತೆಂದೇ ಲೆಕ್ಕ.

ಇಷ್ಟಾದರೂ ನಸುಕಿನಲ್ಲಿ ಮಾತ್ರ ಅನುಪಾತ ಕುಸಿದರೆ ಇಬ್ಬನಿ ಇರಬಹುದು. ಮೇಲೆ ಮರೆ ಕಟ್ಟಿ, ಆ ಹೊತ್ತಿನ ಅಂಕಿ ಬಿಟ್ಟುಬಿಡಿ.